ಜಡೆ ಕೋಲಾಟದಿಂದ ಅಮೂರ್ತ ಚಿತ್ರ: ಹೆಜ್ಜೆಯ ದಾರಿಯನ್ನು ಕ್ಯಾನ್ವಾಸಿಗೆ ಇಳಿಸುವುದು ಹೇಗೆ?

ಕೆಂಪುಗೆರೆ

ಎಲ್ಲರಿಗೂ ನಮಸ್ಕಾರ. ಹಗ್ಗ ಹಿಡಿದು ಎದುರುಬದುರು ಸುತ್ತುತ್ತ ಅವನ್ನು ಜಡೆಯಂತೆ ಹೆಣೆಯುವ ಜಡೆ ಕೋಲಾಟವನ್ನು ಆಧಾರವಾಗಿಟ್ಟುಕೊಂಡು ಒಂದು ಅಮೂರ್ತ ಚಿತ್ರ ಮಾಡಬೇಕಿದೆ. ಕ್ಯಾನ್ವಾಸ್ 36 × 36 ಇಂಚು, ಬಣ್ಣ ಅಕ್ರಿಲಿಕ್. ಎಂಟು ಜನರ ತಂಡ, ಮೇಲಿನ ಕೊಂಡಿಯಿಂದ ಇಳಿಬಿಟ್ಟ ಎಂಟು ಹಗ್ಗ, ನಾಲ್ವರು ಬಲಸುತ್ತು, ನಾಲ್ವರು ಎಡಸುತ್ತು. ಕುಣಿಯುವವರ ಆಕೃತಿ ಬೇಡ. ಲಂಗ, ಪೇಟ, ಕೈಕಾಲು ಯಾವುದೂ ಕಾಣಬಾರದು. ಆದರೂ ನೋಡುವವರಿಗೆ ಸುತ್ತು, ಲಯ, ಹೆಣಿಗೆ ಮೂರೂ ತಟ್ಟಬೇಕು.

ಕೇಳಬೇಕಾದ್ದು ಇಷ್ಟು. ಹೆಜ್ಜೆಯ ದಾರಿಯನ್ನು ಅಂದಾಜಿಗೆ ಬಿಡದೆ ಅಳತೆಯಲ್ಲಿ ಗುರುತು ಹಾಕುವುದು ಹೇಗೆ? ತಾಳವನ್ನು ಬಣ್ಣದಲ್ಲಿ ಎಲ್ಲಿ ಹಿಡಿಯಬೇಕು? ಗೆರೆ ಗೆರೆಯನ್ನು ದಾಟುವ ಕಡೆ ಬಣ್ಣ ಕೆಸರಾಗದಂತೆ ಏನು ಮಾಡಬೇಕು?

ಕೈವಾರ

ಮೊದಲ ಪ್ರಶ್ನೆಗೆ ಪೂರ್ತಿ ಉತ್ತರ ಕೊಡುತ್ತೇನೆ. ಅಳತೆ ಸರಿಯಾಗಿ ಕೂತರೆ ಉಳಿದದ್ದು ಸಲೀಸು.

ಬಲಸುತ್ತಿನವರು ಎದುರು ಬಂದ ಮೊದಲನೆಯವರನ್ನು ಹೊರಗಿನಿಂದ ದಾಟುತ್ತಾರೆ, ಎರಡನೆಯವರನ್ನು ಒಳಗಿನಿಂದ, ಮತ್ತೆ ಹೊರಗಿನಿಂದ. ಎಂಟು ಜನರಿದ್ದರೆ ಒಬ್ಬರು ಒಂದು ಪೂರ್ತಿ ಸುತ್ತು ಬರುವಷ್ಟರಲ್ಲಿ ಎದುರಿನ ನಾಲ್ವರನ್ನೂ ಎರಡೆರಡು ಬಾರಿ ಸಂಧಿಸಿರುತ್ತಾರೆ. ಅಲ್ಲಿಗೆ ಎಂಟು ಭೇಟಿ: ನಾಲ್ಕು ಹೊರಗೆ, ನಾಲ್ಕು ಒಳಗೆ. ಆದ್ದರಿಂದ ಹೆಜ್ಜೆಯ ದಾರಿ ನಾಲ್ಕು ದಳದ ಅಲೆ. ಬಲಸುತ್ತಿನ ನಾಲ್ವರೂ ಅದೇ ಒಂದು ದಾರಿಯನ್ನು ತುಳಿಯುತ್ತಾರೆ, ಎಡಸುತ್ತಿನ ನಾಲ್ವರು ಇನ್ನೊಂದನ್ನು. ಎಂಟು ಜನ ಕುಣಿದರೂ ನೆಲದ ಮೇಲೆ ಉಳಿಯುವುದು ಎರಡೇ ಗೆರೆ. ಆರು ಜನರಾದರೆ ಮೂರು ದಳ, ಹನ್ನೆರಡು ಜನರಾದರೆ ಆರು ದಳ. ಬೆಸ ಸಂಖ್ಯೆಯಾದರೆ ಒಬ್ಬರಿಗೆ ಜೋಡಿ ಸಿಗದು, ಜಡೆಯೂ ಕೂಡದು.

ಈಗ ಅಳತೆ. ನಡುವಿನ ವೃತ್ತದ ತ್ರಿಜ್ಯ 12 ಇಂಚು, ಅಲೆಯ ಏರಿಳಿತ 3 ಇಂಚು ಹಿಡಿಯಿರಿ. ಒಂದೇ ಕೇಂದ್ರದಿಂದ 9, 12, 15 ಇಂಚಿನ ಮೂರು ವೃತ್ತ ಎಳೆಯಿರಿ. ವೃತ್ತವನ್ನು ಹದಿನಾರು ಭಾಗ ಮಾಡಿ, ಒಂದೊಂದು ಭಾಗ 22.5 ಡಿಗ್ರಿ. ಕೋನಮಾಪಕ ಬೇಡ. ಚೌಕಾಕಾರದ ಬ್ರೌನ್ ಪೇಪರ್ ತೆಗೆದುಕೊಂಡು ಎರಡು ಮಾಡಿ, ನಾಲ್ಕು ಮಾಡಿ, ಮೂಲೆಗೆ ಮೂಲೆ ಸೇರಿಸಿ ಎಂಟು ಮಾಡಿ, ಮತ್ತೊಮ್ಮೆ ಮಡಚಿದರೆ ಹದಿನಾರು ಮಡಿಕೆ ಬೀಳುತ್ತದೆ. ಐದನೇ ಸಲ ಮಡಚಬೇಡಿ. ಕಾಗದ ದಪ್ಪವಾಗಿ ಮಡಿಕೆ ಜಾರುತ್ತದೆ.

ಹದಿನಾರು ಗೆರೆಗಳ ಮೇಲೆ ಕ್ರಮವಾಗಿ 12, 15, 12, 9 ಇಂಚಿಗೆ ಚುಕ್ಕಿ ಇಡಿ. ಹೀಗೆ ನಾಲ್ಕು ಸಲ ಇಟ್ಟರೆ ಬಲಸುತ್ತಿನ ದಾರಿ. 12, 9, 12, 15 ಎಂದು ಇಟ್ಟರೆ ಎಡಸುತ್ತಿನ ದಾರಿ. ಬರೀ ಈ ಚುಕ್ಕಿಗಳನ್ನು ಸೇರಿಸಿದರೆ ದಳ ಚೂಪಾಗುತ್ತದೆ. ಎರಡು ಗೆರೆಗಳ ನಟ್ಟನಡುವೆ, ಹೊರದಳದ ಕಡೆ 14.1 ಇಂಚಿಗೆ, ಒಳದಳದ ಕಡೆ 9.9 ಇಂಚಿಗೆ ಇನ್ನೊಂದೊಂದು ಚುಕ್ಕಿ ಬೇಕು. ಆಗ ಗೆರೆ ದುಂಡಗೆ ತಿರುಗುತ್ತದೆ.

12 ಮತ್ತು 3 ಎಂಬ ಅಂಕಿಗೆ ಕಾರಣವಿದೆ. ಏರಿಳಿತವನ್ನು ದಳಗಳ ಸಂಖ್ಯೆಯಿಂದ ಗುಣಿಸಿದಾಗ ತ್ರಿಜ್ಯವೇ ಬಂದರೆ (3 × 4 = 12) ಎರಡು ಗೆರೆಗಳೂ ಪ್ರತಿ ದಾಟುವಿಕೆಯಲ್ಲಿ ಲಂಬಕೋನದಲ್ಲಿ ಕತ್ತರಿಸುತ್ತವೆ. ಕಣ್ಣಿಗೆ ಅದು ಚಾಪೆಯ ಹೆಣಿಗೆಯಷ್ಟು ಬಿಗಿಯಾಗಿ ಕಾಣುತ್ತದೆ. ಏರಿಳಿತ ಒಂದೂವರೆ ಇಂಚಿಗೆ ಇಳಿದರೆ ಗೆರೆಗಳು ಓರೆಯಾಗಿ ಒಂದರ ಮೇಲೊಂದು ಜಾರಿದಂತಾಗಿ ದಾಟುವ ಜಾಗ ಉದ್ದನೆಯ ಮಚ್ಚೆಯಾಗುತ್ತದೆ. ಹನ್ನೆರಡು ಜನರ ತಂಡಕ್ಕೆ ಏರಿಳಿತ 2 ಇಂಚು, ಆರು ಜನರಿಗೆ 4 ಇಂಚು.

ದಾರ ಕಟ್ಟಿದ ಪೆನ್ಸಿಲ್‌ನಿಂದ ವೃತ್ತ ಎಳೆಯಬೇಡಿ. ದಾರ ಹಿಗ್ಗಿ ಸುತ್ತು ಮುಗಿಯುವಷ್ಟರಲ್ಲಿ ಗೆರೆ ಕೂಡುವುದಿಲ್ಲ. ತೆಳ್ಳನೆಯ ಮರದ ಪಟ್ಟಿಗೆ ಒಂದು ತುದಿಯಲ್ಲಿ ಸಣ್ಣ ಮೊಳೆ ಹೊಡೆದು, 9, 12, 15 ಇಂಚಿಗೆ ಪೆನ್ಸಿಲ್ ತೂರುವಷ್ಟು ತೂತು ಕೊರೆದುಕೊಳ್ಳಿ. ಇದನ್ನೆಲ್ಲ ಕಾಗದದ ಮೇಲೇ ಮಾಡಿ. ಕ್ಯಾನ್ವಾಸಿಗೆ ಮೊಳೆ ತಾಗಬಾರದು.

ಕೆಮ್ಮಣ್ಣು

ಕಾಗದದಿಂದ ಕ್ಯಾನ್ವಾಸಿಗೆ ದಾಟಿಸುವಾಗ ಇದ್ದಿಲು ಬೇಡ. ತಿಳಿ ಹಳದಿ, ಬಿಳಿ ಬಣ್ಣಗಳಿಗೆ ಕಪ್ಪು ಕಲೆತು ಮಾಸಲಾಗುತ್ತದೆ. ಸೀಸದ ಪೆನ್ಸಿಲ್ ಗೆರೆ ತೆಳ್ಳನೆಯ ಹಳದಿಯಡಿ ಇಣುಕುತ್ತದೆ. ಕಾಗದದ ಗೆರೆಯುದ್ದಕ್ಕೂ ಕಾಲಿಂಚಿಗೊಂದರಂತೆ ಸೂಜಿಯಿಂದ ಚುಚ್ಚಿ, ಕೆಮ್ಮಣ್ಣಿನ ನಯವಾದ ಪುಡಿಯನ್ನು ಮಲ್ ಬಟ್ಟೆಯ ಗಂಟಿನಲ್ಲಿ ಕಟ್ಟಿ ಮೇಲಿನಿಂದ ಮೆಲ್ಲಗೆ ತಟ್ಟಿ. ಅಚ್ಚಿನ ರಂಗೋಲಿಯ ಹಾಗೆ ಚುಕ್ಕಿ ಸಾಲು ಬೀಳುತ್ತದೆ. ಉಳಿದ ಪುಡಿಯನ್ನು ಒಣ ಬ್ರಷ್‌ನಿಂದ ಕೊಡವಿಬಿಡಿ.

ಅದಕ್ಕೂ ಮುಂಚೆ ಕ್ಯಾನ್ವಾಸಿನ ಕೆಲಸ. ಅಂಗಡಿಯಲ್ಲಿ ಪ್ರೈಮ್ ಮಾಡಿ ಬರುವ ಕ್ಯಾನ್ವಾಸಿಗೂ ಜೆಸ್ಸೊ (ಬಣ್ಣ ಹಿಡಿಯಲು ಅಡಿಗೆ ಬಳಿಯುವ ಬಿಳಿ ಲೇಪ) ಎರಡು ಕೋಟು ಹಾಕಿ. ಮೊದಲ ಕೋಟಿಗೆ ಸ್ವಲ್ಪ ನೀರು ಬೆರೆಸಿ ಅಡ್ಡಕ್ಕೆ ಎಳೆಯಿರಿ, ಎರಡನೆಯದನ್ನು ಉದ್ದಕ್ಕೆ. ಪೂರ್ತಿ ಒಣಗಿದ ಮೇಲೆ 320 ನಂಬರಿನ ಮರಳು ಕಾಗದದಿಂದ ಹಗುರವಾಗಿ ಉಜ್ಜಿ. ಬಟ್ಟೆಯ ನೇಯ್ಗೆ ಎದ್ದು ಕಂಡರೆ ಟೇಪಿನ ಅಂಚು ಕೂರುವುದಿಲ್ಲ, ಗೆರೆ ಗರಗಸದ ಹಲ್ಲಿನಂತಾಗುತ್ತದೆ. 36 ಇಂಚಿನ ಚೌಕಟ್ಟಿಗೆ ಹಿಂದೆ ಅಡ್ಡಪಟ್ಟಿ ಇರಲೇಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಚೌಕಟ್ಟು ತಿರುಚಿಕೊಳ್ಳುತ್ತದೆ. ಅಳತೆಯ ಕೆಲಸವೇ ಮುಖ್ಯವಾದರೆ 12 ಮಿ.ಮೀ. ಪ್ಲೈವುಡ್ ಹಲಗೆ ಇನ್ನೂ ಒಳ್ಳೆಯದು. ಹಲಗೆಗೆ ಎರಡೂ ಬದಿ ಪ್ರೈಮರ್ ಹೊಡೆಯಿರಿ. ಒಂದೇ ಬದಿಗೆ ಹೊಡೆದರೆ ಬಾಗುತ್ತದೆ.

ಜಡೆಕೋಲು

ಕೈವಾರ ಸರ್ ಹೇಳಿದ ದಾರಿ ಸರಿ. ಒಂದು ಮಾತು ಸೇರಿಸಬೇಕು. ಜಡೆ ಕೋಲಾಟದಲ್ಲಿ ವೃತ್ತ ಒಂದೇ ಅಳತೆಯಲ್ಲಿ ನಿಲ್ಲುವುದಿಲ್ಲ. ಜಡೆ ಹೆಣೆಯುತ್ತ ಬಂದಂತೆ ಕೈಯಲ್ಲಿರುವ ಹಗ್ಗ ಗಿಡ್ಡವಾಗುತ್ತದೆ, ಕುಣಿಯುವವರು ಒಳಗೆ ಒಳಗೆ ಸರಿಯುತ್ತಾರೆ. ನಡೆಯೂ ಚುರುಕಾಗುತ್ತದೆ. ಆಮೇಲೆ ಬಿಚ್ಚುವ ಸರದಿ: ಅದೇ ಹೆಜ್ಜೆ, ತಿರುಗುಮುರುಗಾಗಿ. ಬಿಚ್ಚುತ್ತ ಬಿಚ್ಚುತ್ತ ವೃತ್ತ ಮತ್ತೆ ಅಗಲವಾಗುತ್ತದೆ. ಒಂದೇ ವೃತ್ತ ಬರೆದು ಬಿಟ್ಟರೆ ಆಟದ ಉಸಿರೇ ಬರಲಿಲ್ಲ ಎನ್ನಬೇಕು.

ತಾಳದ ವಿಷಯ. ಒಂದು ಭೇಟಿಯಿಂದ ಮುಂದಿನ ಭೇಟಿಗೆ ಎಷ್ಟು ಎಣಿಕೆ ಎಂಬುದು ಪದದಿಂದ ಪದಕ್ಕೆ, ತಂಡದಿಂದ ತಂಡಕ್ಕೆ ಬೇರೆ. ವಿಡಿಯೊ ಇದ್ದರೆ ಅರ್ಧ ವೇಗಕ್ಕೆ ಇಳಿಸಿ ಒಬ್ಬರ ಪಾದವನ್ನು ಮಾತ್ರ ನೋಡುತ್ತ ಎಣಿಸಿ. ಎಲ್ಲರನ್ನೂ ಒಟ್ಟಿಗೆ ನೋಡಿದರೆ ಎಣಿಕೆ ತಪ್ಪುತ್ತದೆ. ನಾಲ್ಕು ಎಣಿಕೆಗೆ ಒಂದು ಭೇಟಿ ಎಂದು ಬಂತೆನ್ನಿ. ಎಂಟು ಭೇಟಿಗೆ ಮೂವತ್ತೆರಡು ಎಣಿಕೆ. ಕೈವಾರ ಸರ್ ಕೊಟ್ಟ ಹದಿನಾರು ಚುಕ್ಕಿ, ನಡುವಿನ ಹದಿನಾರು ಚುಕ್ಕಿ ಸೇರಿದರೂ ಮೂವತ್ತೆರಡೇ. ಅಲ್ಲಿಗೆ ಒಂದೊಂದು ಚುಕ್ಕಿಯೂ ಒಂದೊಂದು ಹೆಜ್ಜೆ. ಗೆಜ್ಜೆಕಾಲು ಬಲವಾಗಿ ಊರುವ ಎಣಿಕೆ ಎಲ್ಲಿ ಬೀಳುತ್ತದೋ ಅಲ್ಲಿ ಬಣ್ಣ ದಪ್ಪ, ಕಾಲು ಎತ್ತಿದಲ್ಲಿ ತೆಳು.

ಕೈವಾರ

ವೃತ್ತ ಕುಗ್ಗುವ ಮಾತು ಬಹಳ ಉಪಯೋಗದ್ದು. ಹಾಗಾದರೆ ಒಳಗಿನ ಸುತ್ತುಗಳ ಅಳತೆ ಹೀಗಿರಲಿ. ಹೊರಸುತ್ತಿನ ಗೆರೆ 9ರಿಂದ 15 ಇಂಚಿನವರೆಗೆ ಹರಡಿದೆ. ಎಲ್ಲ ಅಳತೆಯನ್ನೂ 0.6ರಿಂದ ಗುಣಿಸಿದರೆ ಎರಡನೇ ಸುತ್ತಿನ ಹೊರತುದಿ ಸರಿಯಾಗಿ 9 ಇಂಚಿಗೆ ಬಂದು ಮೊದಲನೆಯದಕ್ಕೆ ತಾಗುತ್ತದೆ. ಆದರೆ ಗೆರೆಗೆ ದಪ್ಪವಿದೆಯಲ್ಲ, ಮುಕ್ಕಾಲು ಇಂಚಿನ ಗೆರೆಯಾದರೆ ಎರಡೂ ಅಂಟಿಕೊಳ್ಳುತ್ತವೆ. 0.55 ಹಿಡಿಯಿರಿ: ತ್ರಿಜ್ಯ 6.6, ಏರಿಳಿತ 1.65. ಗೆರೆಯ ದಪ್ಪವನ್ನೂ ಅದೇ ಲೆಕ್ಕಕ್ಕೆ ಇಳಿಸಿದರೆ ಎರಡು ಸುತ್ತಿನ ನಡುವೆ ಸುಮಾರು 4 ಮಿ.ಮೀ. ಹಿನ್ನೆಲೆ ಉಳಿಯುತ್ತದೆ. ಮೂರನೇ ಸುತ್ತು ತ್ರಿಜ್ಯ 3.6, ಏರಿಳಿತ 0.9. ಅದಕ್ಕಿಂತ ಒಳಗೆ ಹೋಗಬೇಡಿ. ಬ್ರಷ್ ತಿರುಗುವುದಿಲ್ಲ.

ಬಿಳಿಗೋಡೆ

ಅಳತೆ ಅಚ್ಚುಕಟ್ಟಾಗಿದೆ, ಸಂತೋಷ. ಆದರೆ ಒಂದು ಅಪಾಯವನ್ನು ಈಗಲೇ ಹೇಳಬೇಕು. ಕೇಂದ್ರ ನಟ್ಟನಡುವೆ, ನಾಲ್ಕೂ ಕಡೆ ಒಂದೇ ಸಮ, ಮೂರು ಸುತ್ತು ಒಂದರೊಳಗೊಂದು ಎಂದಾದರೆ ಬರುವುದು ರಂಗೋಲಿ. ರಂಗೋಲಿ ಕಡಿಮೆಯದೆಂದಲ್ಲ, ಅದರ ಕೆಲಸ ಬೇರೆ. ಅದು ಹೊಸ್ತಿಲಲ್ಲಿ ನಿಲ್ಲಿಸಿ ಶಾಂತಗೊಳಿಸುತ್ತದೆ. ಕೋಲಾಟ ಕಣ್ಣನ್ನು ನಿಲ್ಲಲು ಬಿಡಬಾರದು. ಸಮಸಮವಾದ ವೃತ್ತದಲ್ಲಿ ಕಣ್ಣು ನೇರ ನಡುವಿಗೆ ಹೋಗಿ ಅಲ್ಲೇ ಕೂರುತ್ತದೆ, ಗೆರೆಯ ಜೊತೆ ಓಡುವುದಿಲ್ಲ.

ಹೆನ್ರಿ ಮಾಟಿಸ್ 1910ರಲ್ಲಿ ಮುಗಿಸಿದ, ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಸಂಗ್ರಹದಲ್ಲಿರುವ ವೃತ್ತನೃತ್ಯದ ಚಿತ್ರವನ್ನು ನೋಡಿ. ಅದರಲ್ಲಿ ಆಕೃತಿಗಳಿವೆ, ಅಮೂರ್ತವಲ್ಲ. ಆದರೂ ಕಲಿಯುವುದಕ್ಕೆ ಎರಡು ಸಂಗತಿಯಿದೆ. ಐವರ ವೃತ್ತ ದುಂಡಗಿಲ್ಲ, ಓರೆಯಾಗಿ ಎಳೆದ ಮೊಟ್ಟೆಯಂತಿದೆ. ಮುಂದಿನ ಇಬ್ಬರ ಕೈ ಕೂಡಿಲ್ಲ. ಆ ಒಂದು ಬಿಡುವಿನಲ್ಲೇ ಇಡೀ ಚಿತ್ರದ ಸೆಳೆತ ಇದೆ. ನಮ್ಮವರಲ್ಲಿ ಕೆ.ಕೆ. ಹೆಬ್ಬಾರರು ಲಯ ಮೈಗೆ ಹತ್ತಲೆಂದೇ ಕಥಕ್ ಕಲಿತವರು. ಅವರ ರೇಖೆ ಎಲ್ಲೂ ಒಂದೇ ದಪ್ಪದಲ್ಲಿ ಸಾಗುವುದಿಲ್ಲ.

ನನ್ನ ಸಲಹೆ: ಕೇಂದ್ರವನ್ನು ಎಡಕ್ಕೆ 6 ಇಂಚು, ಕೆಳಕ್ಕೆ 5 ಇಂಚು ಸರಿಸಿ. ಹೊರಸುತ್ತಿನ ಒಂದು ಭಾಗ ಕ್ಯಾನ್ವಾಸಿನ ಅಂಚು ದಾಟಿ ಆಚೆ ಹೋಗಲಿ. ಆಚೆ ಹೋದದ್ದು ತಿರುಗಿ ಬರುತ್ತದೆಂದು ಕಣ್ಣಿಗೆ ಗೊತ್ತು. ಆ ನಿರೀಕ್ಷೆಯೇ ಸುತ್ತಿಸುತ್ತದೆ.

ಕೆಂಪುಗೆರೆ

ಬಿಳಿಗೋಡೆಯವರೇ, ಕೇಂದ್ರ ಸರಿಸುವುದು ಒಪ್ಪಿಗೆ. ಆದರೆ ಎಡಕ್ಕೆ 6 ಇಂಚು ಹೋದರೆ ಹೊರದಳ 3 ಇಂಚು ಕತ್ತರಿಸುತ್ತದೆ. ದಾಟುವ ಜಾಗವೂ ಹೋಗಿಬಿಡುತ್ತದೆಯೇ?

ಕೈವಾರ

ಇಲ್ಲ. ದಾಟುವ ಜಾಗಗಳೆಲ್ಲ 12 ಇಂಚಿನ ವೃತ್ತದ ಮೇಲಿವೆ. ಎಡಕ್ಕೆ 6 ಸರಿಸಿದರೆ ಎಡ ಅಂಚಿಗೆ ಉಳಿಯುವುದೂ 12 ಇಂಚೇ. ದಾಟುವ ಚುಕ್ಕಿ ಸರಿಯಾಗಿ ಅಂಚಿನ ಮೇಲೆ ಕೂರುತ್ತದೆ. ಅದು ಚೆನ್ನಾಗಿರುವುದಿಲ್ಲ, ಅರ್ಧ ಗಂಟು ಕಂಡಂತಿರುತ್ತದೆ. ಎರಡರಲ್ಲಿ ಒಂದು ಮಾಡಿ: 5 ಇಂಚು ಮಾತ್ರ ಸರಿಸಿ, ಇಲ್ಲವೇ ಇಡೀ ಮಾದರಿಯನ್ನು 22.5 ಡಿಗ್ರಿ ತಿರುಗಿಸಿ. ತಿರುಗಿಸಿದರೆ ಎಡ ಅಂಚಿನಲ್ಲಿ ಒಂದು ದಳದ ತುದಿ ಮಾತ್ರ ಆಚೆ ಹೋಗುತ್ತದೆ. ನನ್ನ ಮತ ಎರಡನೆಯದಕ್ಕೆ.

ನೆಲಹಾಳೆ

ಎಲ್ಲರೂ ಅಳತೆಯಲ್ಲೇ ಇದ್ದೀರಿ. ಬೇರೆ ದಾರಿಯನ್ನೂ ಇಡುತ್ತೇನೆ. ಕ್ಯಾನ್ವಾಸನ್ನು ಗೋಡೆಗೆ ಒರಗಿಸದೆ ನೆಲಕ್ಕೆ ಹಾಸಿ, ಪದ ಹಾಕಿಕೊಂಡು ಸುತ್ತ ನಡೆಯುತ್ತ ಬಣ್ಣ ಹಚ್ಚುವುದು. ಇದಕ್ಕೆ ಚೌಕಟ್ಟಿಗೆ ಬಿಗಿಯದ ಬಟ್ಟೆ ಬೇಕು, ಕನಿಷ್ಠ 5 × 5 ಅಡಿ. ಮೂರಡಿಗೆ ಕೈ ಮಾತ್ರ ಆಡುತ್ತದೆ, ಮೈ ತಿರುಗುವುದಿಲ್ಲ. ಒಂದು ಇಂಚಿನ ಚಪ್ಪಟೆ ಬ್ರಷ್ಷನ್ನು ಎರಡೂವರೆ ಅಡಿ ಕೋಲಿಗೆ ಬಿಗಿಯಾಗಿ ಕಟ್ಟಿ.

ಬಣ್ಣದ ಹದ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಟ್ಯೂಬಿನ ಅಕ್ರಿಲಿಕ್ ಮೂರು ಭಾಗಕ್ಕೆ ಒಂದು ಭಾಗ ಮೀಡಿಯಂ (ಬಣ್ಣವಿಲ್ಲದ ಅಕ್ರಿಲಿಕ್ ಅಂಟು), ಆಮೇಲೆ ಚಮಚ ಚಮಚವಾಗಿ ನೀರು. ಕಡ್ಡಿ ಎತ್ತಿದರೆ ದೋಸೆ ಹಿಟ್ಟಿನಂತೆ ಪಟ್ಟಿಯಾಗಿ ಬೀಳಬೇಕು. ಮೀಡಿಯಂ ಬಿಟ್ಟು ಬರೀ ನೀರು ಹೆಚ್ಚಿಸಿದರೆ ಅಂಟಿನ ಬಲ ತಗ್ಗಿ ಒಣಗಿದ ಮೇಲೆ ಬಣ್ಣ ಪುಡಿಯೇಳುತ್ತದೆ. ಬ್ರಷ್ ಒಮ್ಮೆ ತುಂಬಿದರೆ ಒಂದು ಭೇಟಿಯಿಂದ ಮುಂದಿನದಕ್ಕೆ ಸಾಕು, ಅದಕ್ಕಿಂತ ಮುಂದೆ ಗೆರೆ ಒಣಗಿ ತುಂಡಾಗುತ್ತದೆ. ಭೇಟಿಗೊಮ್ಮೆ ಅದ್ದಿ. ಆಗ ಪ್ರತಿ ಭೇಟಿಯಲ್ಲೂ ಬಣ್ಣ ತುಂಬಿಕೊಂಡು, ಮುಂದಿನದರ ಹೊತ್ತಿಗೆ ತೆಳುವಾಗಿ, ಲಯ ತಾನಾಗಿ ಬರುತ್ತದೆ. ತೆಳುವಾದ ಕಡೆ ಮತ್ತೆ ತಿದ್ದಬೇಡಿ.

ಎಡವಟ್ಟಾಗುವುದು ಎಲ್ಲಿ? ಬಲಸುತ್ತಿನ ಗೆರೆ ಹಸಿಯಿರುವಾಗಲೇ ಎಡಸುತ್ತು ಶುರುಮಾಡಿದರೆ ಎಂಟೂ ದಾಟುವಿಕೆಯಲ್ಲಿ ಬಣ್ಣ ಬೆರೆಯುತ್ತದೆ. ಕೆಂಪು ಮತ್ತು ಹಸಿರಾದರೆ ಕಂದು ಕೆಸರು. ನಡುವೆ ಒಂದು ಗಂಟೆ ಬಿಡಿ, ಮಳೆಗಾಲದಲ್ಲಿ ಅರ್ಧ ದಿನ.

ಜಡೆಕೋಲು

ನೆಲಹಾಳೆಯವರ ವಿಧಾನ ಚೆನ್ನಾಗಿದೆ. ಇನ್ನೊಂದು ಸಣ್ಣ ಮಾತು: ಎಡಸುತ್ತಿನ ಗೆರೆ ಹಚ್ಚುವಾಗ ನೀವೂ ಎಡಕ್ಕೇ ನಡೆಯಿರಿ. ಬಲಕ್ಕೆ ನಡೆಯುತ್ತ ಎರಡೂ ಗೆರೆ ಹಚ್ಚಿದರೆ ಬ್ರಷ್ಷಿನ ಬಾಲ ಒಂದೇ ಕಡೆ ಬೀಳುತ್ತದೆ. ಎದುರುಬದುರು ಸುತ್ತುತ್ತಿದ್ದಾರೆ ಎಂಬುದು ಹೋಗಿಬಿಡುತ್ತದೆ.

ಕೆಂಪುಗೆರೆ

ಈಗ ಮೂರನೇ ಪ್ರಶ್ನೆ. ಅಳತೆಯ ವಿಧಾನದಲ್ಲಿ ಒಂದು ದಾಟುವಿಕೆಯಲ್ಲಿ ಕೆಂಪು ಮೇಲೆ, ಮುಂದಿನದರಲ್ಲಿ ಹಳದಿ ಮೇಲೆ ಬರುವಂತೆ ಹಚ್ಚುವ ಕ್ರಮ ಹೇಗೆ?

ಕೆಮ್ಮಣ್ಣು

ಒಂದೊಂದು ತುಂಡಾಗಿ ಹಚ್ಚಲು ಹೋಗಬೇಡಿ, ಅಂಚು ಕೂಡುವುದಿಲ್ಲ. ಕ್ರಮ ಇದು. ಮೊದಲು ಹಿನ್ನೆಲೆ ಎರಡು ಕೋಟು. ಹಿನ್ನೆಲೆಯ ಬಣ್ಣವನ್ನು ಒಂದೇ ಸಲಕ್ಕೆ 200 ಮಿ.ಲೀ.ನಷ್ಟು ಕಲಸಿ, ಉಳಿದದ್ದನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ. ಕೊನೆಗೆ ತಿದ್ದಲು ಬೇಕು, ಮತ್ತೆ ಕಲಸಿದರೆ ಅದೇ ಬಣ್ಣ ಬರದು. ಹಿನ್ನೆಲೆ ಒಂದು ದಿನ ಒಣಗಲಿ. ಆಮೇಲೆ ಹಳದಿ ಗೆರೆ ಪೂರ್ತಿ ಸುತ್ತು. ಮತ್ತೆ ಒಂದು ದಿನ. ಅದರ ಮೇಲೆ ಕೆಂಪು ಗೆರೆ ಪೂರ್ತಿ ಸುತ್ತು. ಈಗ ಎಂಟೂ ಕಡೆ ಕೆಂಪೇ ಮೇಲಿದೆ. ಒಂದು ಬಿಟ್ಟು ಒಂದರಂತೆ ನಾಲ್ಕು ಕಡೆ ಹಳದಿಯ ತುಂಡನ್ನು ಕೆಂಪಿನ ಮೇಲೆ ಹಾಯಿಸಿ. ಹಳದಿಗೆ ಮುಚ್ಚುವ ಶಕ್ತಿ ಕಡಿಮೆ, ಕೆಂಪು ಇಣುಕಿ ಕಿತ್ತಳೆಯಾಗುತ್ತದೆ. ಆ ನಾಲ್ಕು ತುಂಡಿಗೆ ಮೊದಲು ಟೈಟೇನಿಯಂ ಬಿಳಿ ಒಂದು ಕೋಟು, ಅದರ ಮೇಲೆ ಹಳದಿ ಎರಡು ಕೋಟು. ಕೊನೆಗೆ, ಮೇಲಿನ ಗೆರೆಯ ಎರಡೂ ಬದಿಗೆ, ಕೆಳಗಿನ ಗೆರೆಯನ್ನು ಕತ್ತರಿಸುವಂತೆ 2 ಮಿ.ಮೀ. ಹಿನ್ನೆಲೆ ಬಣ್ಣ ಎಳೆಯಿರಿ. ಆ ಸಣ್ಣ ಬಿಡುವಿನಿಂದಲೇ ಒಂದು ಹಗ್ಗ ಇನ್ನೊಂದರ ಅಡಿಯಲ್ಲಿ ಹೋದಂತೆ ಕಾಣುವುದು. ನೆರಳು ಬರೆಯುವ ಅಗತ್ಯವಿಲ್ಲ.

ಟೇಪು: ಸಾಮಾನ್ಯ ಮಾಸ್ಕಿಂಗ್ ಟೇಪು ತಿರುವಿನಲ್ಲಿ ಸುಕ್ಕುಗಟ್ಟಿ ಬಣ್ಣ ಒಳಗೆ ಹರಿಯುತ್ತದೆ. ಕಾರಿಗೆ ಬಣ್ಣ ಹೊಡೆಯುವವರ ಸಾಮಾನಿನ ಅಂಗಡಿಯಲ್ಲಿ 3 ಮಿ.ಮೀ. ಅಗಲದ, ಬಗ್ಗುವ ಪ್ಲಾಸ್ಟಿಕ್ ಟೇಪು ಸಿಗುತ್ತದೆ, ಅದು ಬೇಕು. ಅಂಟಿಸಿದ ಮೇಲೆ ಉಗುರಿನಿಂದ ಅಂಚು ಒತ್ತಿ, ಮೊದಲು ಅಡಿಯಲ್ಲಿರುವ ಬಣ್ಣವನ್ನೇ ಟೇಪಿನಂಚಿಗೆ ತೆಳ್ಳಗೆ ಹಚ್ಚಿ. ಒಳಗೆ ಹರಿಯುವುದಿದ್ದರೆ ಅದೇ ಬಣ್ಣ ಹರಿದು ಸಂದು ಮುಚ್ಚುತ್ತದೆ. ಆಮೇಲೆ ಹೊಸ ಬಣ್ಣ. ಪೂರ್ತಿ ಒಣಗುವ ಮುಂಚೆ, ಟೇಪನ್ನು ಅದರ ಮೇಲೆಯೇ ಹಿಂದಕ್ಕೆ ಮಡಚಿ ನಿಧಾನ ಎಳೆಯಿರಿ. ಒಣಗಿದ ಮೇಲೆ ಎಳೆದರೆ ಅಂಚು ಕಿತ್ತು ಬರುತ್ತದೆ.

ಜಡೆಕೋಲು

ಕ್ಷಮಿಸಿ, ಇಲ್ಲಿ ಒಂದು ತಿದ್ದುಪಡಿ ಬೇಕು. ನೆಲದ ದಾರಿಯೇ ಬೇರೆ, ಹಗ್ಗದ ಹೆಣಿಗೆಯೇ ಬೇರೆ. ಎರಡನ್ನೂ ಬೆರೆಸುತ್ತಿದ್ದೇವೆ. ಇಬ್ಬರು ಭೇಟಿಯಾಗುವುದು ಗೆರೆಗಳು ದಾಟುವಲ್ಲಿ ಅಲ್ಲ. ಭೇಟಿಯಾದಾಗ ಒಬ್ಬರು 15 ಇಂಚಿನ ಹೊರತುದಿಯಲ್ಲಿ, ಇನ್ನೊಬ್ಬರು ಅದೇ ನೇರದಲ್ಲಿ 9 ಇಂಚಿನ ಒಳತುದಿಯಲ್ಲಿ ಇರುತ್ತಾರೆ. ಹೊರಗಿದ್ದವರ ಹಗ್ಗ ಮೇಲೆ, ಒಳಗಿದ್ದವರ ಹಗ್ಗ ಕೆಳಗೆ. ಮೇಲೆ-ಕೆಳಗೆ ಎಂಬುದು ಹಗ್ಗಕ್ಕೆ ಮಾತ್ರ. ಪಾದದ ಗುರುತಿಗೆ ಅದಿಲ್ಲ. ನೆಲದಲ್ಲಿ ದಾರಿ ದಾಟುವ ಜಾಗದಲ್ಲಿ ಆ ಹೊತ್ತಿಗೆ ಇಬ್ಬರೂ ಒಟ್ಟಿಗಿರುವುದಿಲ್ಲ, ಒಬ್ಬರ ಹೆಜ್ಜೆಯ ಮೇಲೆ ಇನ್ನೊಬ್ಬರ ಹೆಜ್ಜೆ ಆಮೇಲೆ ಬೀಳುತ್ತದೆ.

ಕೆಂಪುಗೆರೆ

ಹಾಗಾದರೆ ನೆಲದ ಚಿತ್ರಕ್ಕೆ ಹೆಣಿಗೆ ಕೊಡುವುದೇ ತಪ್ಪೇ?

ಬಿಳಿಗೋಡೆ

ತಪ್ಪಲ್ಲ, ಆದರೆ ಗೊತ್ತಿದ್ದು ಮಾಡಬೇಕು. ಜಡೆಕೋಲು ಅವರ ಮಾತಿನಿಂದ ಒಂದರ ಬದಲು ಎರಡು ಚಿತ್ರ ಸಿಕ್ಕಿತು. ನೆಲದ ಚಿತ್ರವನ್ನು ಪಾರದರ್ಶಕ ಬಣ್ಣದಲ್ಲಿ ಮಾಡಿ: ದಾಟುವಲ್ಲಿ ಯಾವುದೂ ಮೇಲಲ್ಲ, ಎರಡೂ ಸೇರಿ ಮೂರನೇ ಬಣ್ಣ. ಹೆಜ್ಜೆಯ ಮೇಲೆ ಹೆಜ್ಜೆ. ಜಡೆಯ ಚಿತ್ರವನ್ನು ಮುಚ್ಚುವ ಬಣ್ಣದಲ್ಲಿ ಮಾಡಿ, ಕೆಮ್ಮಣ್ಣು ಹೇಳಿದ ಕ್ರಮ ಅದಕ್ಕೆ ಒಪ್ಪುತ್ತದೆ.

ಕೆಮ್ಮಣ್ಣು

ಒಪ್ಪಿದೆ. ಪಾರದರ್ಶಕಕ್ಕೆ ಕ್ವಿನಾಕ್ರಿಡೋನ್ ಕೆಂಪು, ಥ್ಯಾಲೊ ನೀಲಿ ತೆಗೆದುಕೊಳ್ಳಿ. ಒಂದು ಭಾಗ ಬಣ್ಣಕ್ಕೆ ಆರೇಳು ಭಾಗ ಗ್ಲೇಜ್ ಮೀಡಿಯಂ. ಥ್ಯಾಲೊ ನೀಲಿ ಬಹಳ ಜೋರು, ಅದನ್ನು ಕೆಂಪಿನ ಕಾಲುಭಾಗದಷ್ಟರಿಂದ ಶುರುಮಾಡಿ. ಎರಡೂ ದಾಟುವಲ್ಲಿ ಗಾಢ ನೇರಳೆ ಬರುತ್ತದೆ. ಅಡಿಯಲ್ಲಿ ಬಿಳಿ ಹಿನ್ನೆಲೆಯೇ ಇರಲಿ, ಗಾಢ ಹಿನ್ನೆಲೆಯ ಮೇಲೆ ಪಾರದರ್ಶಕ ಬಣ್ಣ ಸತ್ತುಹೋಗುತ್ತದೆ. ಕ್ಯಾಡ್ಮಿಯಂ, ಆಕ್ಸೈಡ್, ಬಿಳಿ ಬೆರೆಸಿದ ಬಣ್ಣ ಇವೆಲ್ಲ ಮುಚ್ಚುವ ಬಣ್ಣ, ಇಲ್ಲಿ ಬೇಡ.

ಕೈವಾರ

ಜಡೆಯ ಚಿತ್ರಕ್ಕೆ ಅಳತೆ ನಾನು ಕೊಡುತ್ತೇನೆ. ಹೆಣೆದ ಜಡೆಯನ್ನು ಉದ್ದಕ್ಕೆ ಸೀಳಿ ಚಾಪೆಯಂತೆ ಹಾಸಿದೆವೆಂದು ಭಾವಿಸಿ. ನಾಲ್ಕು ಹಗ್ಗ ಬಲಕ್ಕೆ ಓರೆ, ನಾಲ್ಕು ಎಡಕ್ಕೆ ಓರೆ. ಒಂದು ಸಲದ ಭೇಟಿಯಲ್ಲಿ ನಾಲ್ಕು ಜೋಡಿ ಏಕಕಾಲಕ್ಕೆ ದಾಟುತ್ತವೆ, ಆದ್ದರಿಂದ ಒಂದು ಸಾಲಿಗೆ ನಾಲ್ಕು ವಜ್ರಾಕಾರ. 24 ಇಂಚು ಅಗಲ, 48 ಇಂಚು ಎತ್ತರದ ಕ್ಯಾನ್ವಾಸ್ ತೆಗೆದುಕೊಂಡರೆ ವಜ್ರ 6 ಇಂಚು ಅಗಲ, 6 ಇಂಚು ಎತ್ತರ. ಮುಂದಿನ ಸಾಲು ಅರ್ಧ ವಜ್ರ ಪಕ್ಕಕ್ಕೆ, 3 ಇಂಚು ಮೇಲಕ್ಕೆ. 48 ಇಂಚಿಗೆ ಹದಿನಾರು ಸಾಲು, ಅಂದರೆ ಸರಿಯಾಗಿ ಎರಡು ಸುತ್ತು. ಒಂದು ಬಿಟ್ಟು ಒಂದು ಸಾಲಿನಲ್ಲಿ ಎಡ-ಬಲ ಅಂಚಿಗೆ ಅರ್ಧರ್ಧ ವಜ್ರ ಬರುತ್ತದೆ. ಎರಡೂ ಒಂದೇ ವಜ್ರದ ತುಂಡುಗಳು, ಬಣ್ಣ ಒಂದೇ ಇರಬೇಕು.

ಬಲಸುತ್ತಿನವರೆಲ್ಲ ಕೆಂಪು, ಎಡಸುತ್ತಿನವರೆಲ್ಲ ಹಳದಿ ಹಿಡಿದರೆ ಒಂದು ಸಾಲು ಪೂರ್ತಿ ಕೆಂಪು, ಮುಂದಿನದು ಪೂರ್ತಿ ಹಳದಿ. ಜಡೆಗೆ ಬಳೆ ತೊಡಿಸಿದ ಹಾಗೆ ಕಾಣುತ್ತದೆ.

ಜಡೆಕೋಲು

ಇದೇ ಸರಿ. ಈಗ ಬಿಳಿಗೋಡೆಯವರು ಹೇಳಿದ ರಂಗೋಲಿ ಸಮಸ್ಯೆಗೂ ಆಟದಲ್ಲೇ ಉತ್ತರವಿದೆ. ಜಡೆ ಕೋಲಾಟದಲ್ಲಿ ಎಲ್ಲರೂ ಹೆದರುವುದು ಒಂದಕ್ಕೆ: ಒಳಗೆ ಹೋಗಬೇಕಾದವರು ಮರೆತು ಎರಡನೇ ಸಲವೂ ಹೊರಗಿನಿಂದ ದಾಟುವುದು. ಹೆಣೆಯುವಾಗ ಯಾರಿಗೂ ಗೊತ್ತಾಗದೆ ಸಾಗಬಹುದು. ಬಿಚ್ಚುವಾಗ ಸರಿಯಾಗಿ ಆ ಜಾಗಕ್ಕೆ ಬಂದು ಹಗ್ಗ ಸಿಕ್ಕಿಕೊಳ್ಳುತ್ತದೆ. ಆ ತಪ್ಪನ್ನು ಚಿತ್ರದಲ್ಲಿ ಒಂದೇ ಒಂದು ಕಡೆ ಇಡಿ.

ಕೈವಾರ

ಲೆಕ್ಕ ಹಾಕಿದರೆ ಹೀಗಾಗುತ್ತದೆ. ಹಳದಿ ಸಾಲಿನಲ್ಲಿ ಒಂದು ವಜ್ರ ಮಾತ್ರ ಕೆಂಪಾಗುತ್ತದೆ. ಅದರ ನಾಲ್ಕು ಅಂಚಿಗೂ ತಾಗಿರುವುದು ಮೇಲಿನ ಸಾಲಿನ ಎರಡು, ಕೆಳಗಿನ ಸಾಲಿನ ಎರಡು ಕೆಂಪು ವಜ್ರಗಳು. ಐದೂ ಸೇರಿ ಗುಣಾಕಾರದ ಗುರುತಿನಂತೆ ದೊಡ್ಡ ಕೆಂಪು ಗುಂಪು. 48 ಇಂಚಿನಲ್ಲಿ ಅದು 12 × 12 ಇಂಚು ಹಿಡಿಯುತ್ತದೆ. ಕೆಳಗಿನಿಂದ ಹತ್ತು ಅಥವಾ ಹನ್ನೊಂದನೇ ಸಾಲಿನ ಸುತ್ತ ಇಡಿ, ಸರಿಯಾಗಿ ನಡುವೆ ಬೇಡ.

ಬಿಳಿಗೋಡೆ

ಇದಕ್ಕಿಂತ ಒಳ್ಳೆಯ ಪರಿಹಾರ ನನಗೆ ತೋರದು. ಅಂದಕ್ಕೆಂದು ಸುಮ್ಮನೆ ಒಂದು ಕಡೆ ಮುರಿಯುವುದಕ್ಕೂ ಆಟದ ನಿಯಮ ಎಲ್ಲಿ ತಪ್ಪುತ್ತದೋ ಅಲ್ಲಿ ಮುರಿಯುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡು ತಪ್ಪು ಇಡಬೇಡಿ. ಎರಡಾದರೆ ಅದು ವಿನ್ಯಾಸವಾಗಿಬಿಡುತ್ತದೆ.

ಕಾವೇರಿತೀರ

ವೃತ್ತನೃತ್ಯದ ಮಾತು ಬಂದದ್ದರಿಂದ ಕೊಡಗಿನ ಎರಡನ್ನು ಸೇರಿಸುತ್ತೇನೆ. ಎರಡರಲ್ಲೂ ನಡುವೆ ಏನಿದೆ ಎಂಬುದೇ ಮುಖ್ಯ. ಬೊಳಕಾಟ್‌ನಲ್ಲಿ ಗಂಡಸರು ಕೈಯಲ್ಲಿ ಚವರಿ (ಚಮರೀಮೃಗದ ಕೂದಲಿನ ಕುಚ್ಚು) ಹಿಡಿದು ದೀಪದ ಸುತ್ತ ಕುಣಿಯುತ್ತಾರೆ. ಉಮ್ಮತ್ತಾಟ್‌ನಲ್ಲಿ ಹೆಂಗಸರು ತಾಳ ತಟ್ಟುತ್ತ ಸುತ್ತುತ್ತಾರೆ, ನಡುವೆ ನೀರಿನ ಪಾತ್ರೆ ಹಿಡಿದು ನಿಂತಾಕೆ ಕಾವೇರಮ್ಮೆಯ ಸಂಕೇತ. ಅಲ್ಲಿ ಕೇಂದ್ರವನ್ನು ಬಣ್ಣದಿಂದ ತುಂಬುವುದು ನನಗೆ ಸರಿ ಕಾಣದು. ಕಚ್ಚಾ ಜೆಸ್ಸೊ ಬಿಳಿಯನ್ನೇ 4 ಇಂಚಿನಷ್ಟು ಖಾಲಿ ಬಿಡಿ, ಸುತ್ತಲಿನ ಕೆಂಪು ಅದರ ಅಂಚಿಗೆ ಬಂದು ನಿಲ್ಲಲಿ.

ಚವರಿಯ ಬೀಸಿಗೆ ಒಣ ಬ್ರಷ್ ಬೇಕು. ಹಳೆಯ ಗಡಸು ಹಂದಿಗೂದಲಿನ ಬ್ರಷ್ಷಿಗೆ ತಿಳಿ ಬಣ್ಣ ಹತ್ತಿಸಿ, ಬಟ್ಟೆಗೆ ಮುಕ್ಕಾಲು ಪಾಲು ಒರೆಸಿ, ಕಪ್ಪು ಹಿನ್ನೆಲೆಯ ಮೇಲೆ ಒಳಗಿನಿಂದ ಹೊರಕ್ಕೆ ಒಂದೇ ಸಲ ಬೀಸಿ. ಕೊಡವ ಗಂಡಸರ ಕಪ್ಪು ನಿಲುವಂಗಿ ಕುಪ್ಯದ ಎದುರು ಚವರಿಯ ಬಿಳಿ ಎದ್ದು ಕಾಣುವ ಹಾಗೆ. ಸೊಂಟಕ್ಕೆ ಕಟ್ಟುವ ಕೆಂಪು ಚೇಲೆಗೆ ಅಲ್ಲಲ್ಲಿ ಒಂದು ತೆಳು ಗೆರೆ ಸಾಕು.

ಕೆಂಪುಗೆರೆ

ಕಾವೇರಿತೀರ ಅಕ್ಕ, ಕೇಂದ್ರ ಖಾಲಿ ಬಿಡುವ ಮಾತು ನೆಲದ ಚಿತ್ರಕ್ಕೂ ಹೊಂದುತ್ತದೆ, ಅಲ್ಲೂ ಹಾಗೆಯೇ ಮಾಡುತ್ತೇನೆ. ಕೆಮ್ಮಣ್ಣು ಅವರೇ, ಅಂಗಡಿಯ ಹಳದಿ, ಕೆಂಪಿನ ಬದಲು ನಿಜವಾದ ಅರಿಶಿನ, ಕುಂಕುಮ ಬಳಸಬಹುದೇ?

ಕೆಮ್ಮಣ್ಣು

ಬೇಡ. ಅರಿಶಿನದ ಬಣ್ಣ ಬೆಳಕಿಗೆ ಬೇಗ ಹಾರುತ್ತದೆ, ಕಿಟಕಿಯ ಎದುರಿಟ್ಟರೆ ಕೆಲವೇ ವಾರಗಳಲ್ಲಿ ಮಸುಕು. ಅರಿಶಿನಕ್ಕೆ ಸುಣ್ಣ ಬೆರೆತು ಆದ ಕುಂಕುಮದ ಕೆಂಪೂ ಅಷ್ಟೇ, ಹುಳಿ ತಾಗಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಅಂಗಡಿಯ ಪುಡಿಯಲ್ಲಿ ಬೇರೆ ಏನು ಬೆರೆತಿದೆಯೋ ತಿಳಿಯುವುದೂ ಕಷ್ಟ. ನಿಲ್ಲುವ ಬಣ್ಣ ಬೇಕಾದರೆ ಮಣ್ಣು. ಕರಾವಳಿಯ ಕಾವಿ ಚಿತ್ರಗಳ ಕೆಂಪು ಗೋಡೆಯ ಮೇಲೆ ಅಷ್ಟು ವರ್ಷ ಉಳಿದದ್ದು ಅದು ಕಬ್ಬಿಣದ ಅಂಶವಿರುವ ಕೆಮ್ಮಣ್ಣು ಎಂಬ ಕಾರಣಕ್ಕೆ.

ಮಾಡುವ ವಿಧಾನ: ಒಂದು ಸೇರು ಕೆಮ್ಮಣ್ಣನ್ನು ಬಕೆಟ್ ನೀರಿನಲ್ಲಿ ಕದಡಿ. ಒಂದು ನಿಮಿಷ ಬಿಟ್ಟರೆ ಮರಳು ತಳಕ್ಕೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ. ಇದನ್ನೇ ಮೂರು ಸಲ ಮಾಡಿ. ಕೊನೆಯ ಪಾತ್ರೆಯನ್ನು ರಾತ್ರಿಯಿಡೀ ಬಿಟ್ಟು, ತಿಳಿನೀರು ಚೆಲ್ಲಿ, ಗಸಿಯನ್ನು ಒಣಗಿಸಿ ತೆಳುಬಟ್ಟೆಯಲ್ಲಿ ಸೋಸಿ. ಒಂದು ಭಾಗ ಪುಡಿಯನ್ನು ಮೊದಲು ನಾಲ್ಕು ಹನಿ ನೀರಿನಲ್ಲಿ ಅರೆದು, ಎರಡು ಭಾಗ ಮ್ಯಾಟ್ ಮೀಡಿಯಂ ಸೇರಿಸಿ. ಒಣ ಪುಡಿಯನ್ನು ನೇರ ಮೀಡಿಯಂಗೆ ಹಾಕಿದರೆ ಗಂಟುಕಟ್ಟುತ್ತದೆ. ಕಾಗದದ ಮೇಲೆ ಹಚ್ಚಿ, ಒಣಗಿದ ಮೇಲೆ ಬೆರಳಿನಿಂದ ಉಜ್ಜಿ ನೋಡಿ. ಬೆರಳಿಗೆ ಕೆಂಪು ಹತ್ತಿದರೆ ಮೀಡಿಯಂ ಸಾಲದು.

ನೆಲಹಾಳೆ

ಬಯಲುಸೀಮೆಯ ಬೇಸಿಗೆಯಲ್ಲಿ ಕೆಲಸ ಮಾಡುವವರಿಗೆ: ಪ್ಯಾಲೆಟ್ ಮೇಲಿನ ಅಕ್ರಿಲಿಕ್ ನೋಡುನೋಡುತ್ತಲೇ ಚರ್ಮ ಕಟ್ಟುತ್ತದೆ. ತಟ್ಟೆಗೆ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಬಟರ್ ಪೇಪರ್ ಇಟ್ಟು ಬಣ್ಣ ಹಾಕಿಕೊಳ್ಳಿ. ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಹಾಕುವುದಾದರೆ ಬಾಟಲಿಯ ಮೇಲೆ ಬರೆದ ಮಿತಿ ಮೀರಬೇಡಿ. ಹೆಚ್ಚಾದರೆ ಬಣ್ಣ ದಿನಗಟ್ಟಲೆ ಅಂಟಂಟಾಗೇ ಉಳಿದು ಟೇಪಿನ ಜೊತೆ ಎದ್ದು ಬರುತ್ತದೆ. ಮಲೆನಾಡು, ಕೊಡಗಿನ ಮಳೆಗಾಲಕ್ಕೆ ಬೇರೆ ಎಚ್ಚರ: ಚಿತ್ರವನ್ನು ಗೋಡೆಗೆ ತಾಗಿಸಿ ತೂಗಹಾಕಬೇಡಿ, ಹಿಂದಿನ ನಾಲ್ಕು ಮೂಲೆಗೆ ಬೂಚಿನ ತುಂಡು ಅಂಟಿಸಿ ಗಾಳಿ ಆಡಲು ಬಿಡಿ. ಇಲ್ಲದಿದ್ದರೆ ಬಟ್ಟೆಯ ಹಿಂಬದಿಗೆ ಬೂಷ್ಟು ಹಿಡಿಯುತ್ತದೆ.

ಕೆಂಪುಗೆರೆ

ಎಲ್ಲರಿಗೂ ವಂದನೆ. ಎರಡೂ ಚಿತ್ರ ಮಾಡುತ್ತೇನೆ: ನೆಲದ್ದು ಪಾರದರ್ಶಕದಲ್ಲಿ, ಜಡೆಯದ್ದು ಕೆಮ್ಮಣ್ಣು ಮತ್ತು ಹಳದಿ ಆಕ್ಸೈಡಿನಲ್ಲಿ. ಕೊನೆಯ ಒಂದು ಪ್ರಶ್ನೆ. ಎರಡನ್ನೂ ಒಂದೇ ಗೋಡೆಗೆ ಹಾಕುವಾಗ ಜಡೆಯದ್ದನ್ನು ನೆಲದ್ದರ ಮೇಲಕ್ಕೆ ಹಾಕಬೇಕೇ, ಪಕ್ಕಕ್ಕೇ?

ಜಡೆಕೋಲು

ಮೇಲಕ್ಕೆ. ಜಡೆಯ ಕೆಳತುದಿ ನೆಲದ ಚಿತ್ರದ ಖಾಲಿ ಕೇಂದ್ರದ ನೇರಕ್ಕೆ ಬರಲಿ, ಗೋಡೆಯ ಮಧ್ಯಕ್ಕಲ್ಲ. 36ಕ್ಕೆ 48 ಸೇರಿದರೆ 84 ಇಂಚು, ನಡುವೆ 6 ಇಂಚು ಬಿಟ್ಟರೆ ಏಳೂವರೆ ಅಡಿ. ಒಂಬತ್ತೂವರೆ ಅಡಿಯ ಗೋಡೆಯಾದರೂ ಇರಬೇಕು, ಮೊದಲು ಅದನ್ನು ಅಳೆದುಕೊಳ್ಳಿ.